ತೇಲುವ ಹರಿಗೋಲು ಅಂಟಿಸಿದಂತೆ ಕಾಣುವುದೇಕೆ?

ಪ್ರಶ್ನೆ: ಲಾಲ್‌ಬಾಗ್ ಬಂಡೆಯ ಮೇಲೆ ಗಾಳಿಯಲ್ಲಿ ತೇಲುವ ಹರಿಗೋಲೊಂದರಲ್ಲಿ ನನ್ನ ಎಂಟು ವರ್ಷದ ಮಗಳು ಕುಳಿತಿರುವಂತೆ ಚಿತ್ರ ಮಾಡಿದ್ದೇನೆ. ಬಂಡೆ ಮತ್ತು ಕೆಂಪೇಗೌಡ ಗೋಪುರದ ಚಿತ್ರವನ್ನು ಮಾರ್ಚ್ ಮೊದಲ ವಾರದಲ್ಲಿ, ಸಂಜೆ 5 ಗಂಟೆಯ ಹೊತ್ತಿಗೆ, ದಕ್ಷಿಣಕ್ಕೆ ಮುಖ ಮಾಡಿ ಮೊಬೈಲಿನಲ್ಲಿ ತೆಗೆದೆ. ಮಗಳು ಹರಿಗೋಲಿನಲ್ಲಿರುವ ಚಿತ್ರವು ಮೇ ತಿಂಗಳ ನಡುಹಗಲಿನಲ್ಲಿ, ತಲಕಾಡಿನ ನದಿದಂಡೆಯಿಂದ ತೆಗೆದದ್ದು. ಎರಡು ದಿನ ಕೂತು ಅಂಚುಗಳನ್ನು ಕತ್ತರಿಸಿದ್ದೇನೆ, ಕೆಳಗೆ ನೆರಳನ್ನೂ ಹಾಕಿದ್ದೇನೆ. ಆದರೂ ನೋಡಿದವರೆಲ್ಲ ‘ಅಂಟಿಸಿದ ಹಾಗಿದೆ’ ಎನ್ನುತ್ತಾರೆ. ನಾನು ಬಳಸುವುದು ಗಿಂಪ್ ಎಂಬ, ಚಿತ್ರ ತಿದ್ದುವ ಉಚಿತ ತಂತ್ರಾಂಶ. ಫೋಟೋಶಾಪ್ ಕೊಂಡರೆ ಸರಿಹೋಗುತ್ತದೆಯೆ? ಚಿತ್ರವನ್ನು 12×18 ಇಂಚಿನಲ್ಲಿ ಪ್ರಿಂಟ್ ಹಾಕಿಸಿ ಮಗಳ ಕೋಣೆಯಲ್ಲಿ ತೂಗುಹಾಕುವ ಆಸೆಯಿದೆ. ಮುಂದೆ, ಮಳೆನೀರು ನಿಂತ ರಸ್ತೆಯಲ್ಲಿ ಹರಿಗೋಲುಗಳು ಸಾಗುವ ಚಿತ್ರ ಮಾಡುವ ಯೋಚನೆಯೂ ಇದೆ.
ಓದುಗರು, ಜಯನಗರ, ಬೆಂಗಳೂರು

ಉತ್ತರ: ನೀವು ಕಳುಹಿಸಿದ ಚಿತ್ರವನ್ನು ದೊಡ್ಡದು ಮಾಡಿ, ಅಂಚಿನುದ್ದಕ್ಕೂ ನೋಡಿದೆ. ಕತ್ತರಿಸಿರುವ ಕೆಲಸ ಚೆನ್ನಾಗಿದೆ. ಎರಡು ದಿನದ ತಾಳ್ಮೆ ಅಲ್ಲಿ ಕಾಣುತ್ತದೆ. ತೊಂದರೆ ಅಂಚಿನಲ್ಲಿಲ್ಲ, ಆದ್ದರಿಂದ ತಂತ್ರಾಂಶ ಬದಲಿಸಿದರೆ ಅದು ಹೋಗುವುದೂ ಇಲ್ಲ. ಎರಡು ಚಿತ್ರಗಳನ್ನು ಎರಡು ಬೇರೆ ಎತ್ತರಗಳಿಂದ, ಎರಡು ಬೇರೆ ಸೂರ್ಯನ ಕೆಳಗೆ ತೆಗೆಯಲಾಗಿದೆ. ನೋಡುವವರು ಇದನ್ನು ಮಾತಿನಲ್ಲಿ ಹೇಳಲಾರರು. ಆದರೆ ಹುಟ್ಟಿದಂದಿನಿಂದ ಬೆಳಕನ್ನೂ ನೆರಳನ್ನೂ ನೋಡುತ್ತ ಬಂದ ಕಣ್ಣಿಗೆ ಅದು ತಕ್ಷಣ ತಿಳಿಯುತ್ತದೆ. ಹರಿಗೋಲು ಆಕಾಶದಲ್ಲಿ ತೇಲುತ್ತಿದೆ ಎಂಬ ಒಂದೇ ಒಂದು ಕಲ್ಪನೆಯನ್ನು ನಾವು ನೋಡುವವರ ಮುಂದಿಡುತ್ತಿದ್ದೇವೆ. ಅದೊಂದನ್ನು ಅವರು ಒಪ್ಪಬೇಕಾದರೆ ಉಳಿದದ್ದೆಲ್ಲ, ಅಂದರೆ ಬೆಳಕಿನ ದಿಕ್ಕು, ಕ್ಯಾಮೆರಾದ ಎತ್ತರ, ವಸ್ತುವಿನ ಗಾತ್ರ, ನೆರಳು ಬೀಳುವ ಜಾಗ, ಇವೆಲ್ಲವೂ ನಿಜವಾಗಿರಬೇಕು.

ಮೊದಲು ಎತ್ತರದ ವಿಷಯ. ತಲಕಾಡಿನಲ್ಲಿ ನೀವು ದಂಡೆಯ ಮೇಲೆ ನಿಂತಿದ್ದಿರಿ, ಹರಿಗೋಲು ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗೆ ನೀರಿನಲ್ಲಿತ್ತು. ಹಾಗಾಗಿ ಅದರ ಒಳಭಾಗ, ತಳದ ಬಿದಿರಿನ ಹೆಣಿಗೆ, ಮಗಳ ಮಡಿಸಿದ ಕಾಲು, ಎಲ್ಲವೂ ಚಿತ್ರದಲ್ಲಿ ಕಾಣುತ್ತವೆ. ಅದನ್ನೇ ತಂದು ಬಂಡೆಯ ಮೇಲಿನ ಆಕಾಶದಲ್ಲಿ ಇಟ್ಟಿದ್ದೀರಿ. ತಲೆಯ ಮೇಲೆ ತೇಲುವ ಹರಿಗೋಲಿನ ಒಳಭಾಗ ಕೆಳಗೆ ನಿಂತವರಿಗೆ ಕಾಣಲು ಸಾಧ್ಯವೇ ಇಲ್ಲ. ಅವರಿಗೆ ಕಾಣುವುದು ಅದರ ಹೊಟ್ಟೆ, ಅಂದರೆ ಡಾಂಬರು ಬಳಿದ ಅಥವಾ ಪ್ಲಾಸ್ಟಿಕ್ ಹೊದಿಸಿದ ಕಪ್ಪು ತಳ, ಮತ್ತು ಅಂಚಿನಿಂದ ಮೇಲಕ್ಕೆ ಮಗುವಿನ ಎದೆ, ತೋಳು, ಮುಖ. ಸಮತಟ್ಟಾದ ನೆಲದಲ್ಲಿ ಕ್ಯಾಮೆರಾ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಚಿತ್ರದ ದಿಗಂತ ರೇಖೆಯು ಹತ್ತಿರದ್ದಿರಲಿ ದೂರದ್ದಿರಲಿ ಪ್ರತಿಯೊಂದು ವಸ್ತುವನ್ನೂ ಅದರ ಒಂದೂವರೆ ಮೀಟರ್ ಎತ್ತರದಲ್ಲೇ ಹಾದುಹೋಗುತ್ತದೆ. ಆ ರೇಖೆಗಿಂತ ಮೇಲಿರುವ ವಸ್ತುವಿನ ತಳ ಕಾಣುತ್ತದೆ, ಕೆಳಗಿರುವುದರ ಮೇಲ್ಮೈ ಕಾಣುತ್ತದೆ. ಚಿತ್ರವನ್ನು ಎಳೆದು ಬಾಗಿಸುವ ಯಾವ ವಾರ್ಪ್ ಉಪಕರಣವೂ ಇದನ್ನು ತಿರುಗಿಸಲಾರದು, ಏಕೆಂದರೆ ಹರಿಗೋಲಿನ ತಳ ನಿಮ್ಮ ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಆದ್ದರಿಂದ ತಲಕಾಡಿನ ಚಿತ್ರವನ್ನು ಈ ಕೆಲಸಕ್ಕೆ ಕೈಬಿಡಿ ಎಂದು ಹೇಳಬೇಕಾಗಿದೆ. ಎರಡು ದಿನದ ಶ್ರಮವನ್ನು ಬಿಟ್ಟುಬಿಡಿ ಎನ್ನುವುದು ನನಗೂ ಕಷ್ಟದ ಮಾತೇ. ಆದರೆ ಹೊಸದಾಗಿ ತೆಗೆಯುವುದಕ್ಕೆ ನದಿಗೂ ಹೋಗಬೇಕಾಗಿಲ್ಲ, ಹರಿಗೋಲೂ ಬೇಕಾಗಿಲ್ಲ.

ಹರಿಗೋಲು ಎಷ್ಟು ದೂರದಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಬೇಕು. ನಿಮ್ಮ ಚಿತ್ರದಲ್ಲಿ ಅದು ಅಗಲದ ಸುಮಾರು ಕಾಲು ಭಾಗವನ್ನು ತುಂಬಿದೆ. ಮೊಬೈಲುಗಳ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ 26 ಮಿ.ಮೀ. ಲೆನ್ಸಿಗೆ ಸಮನಾಗಿರುತ್ತದೆ, ಆ ಲೆನ್ಸಿನಲ್ಲಿ ಎರಡು ಮೀಟರ್ ಅಗಲದ ಹರಿಗೋಲು ಕಾಲು ಭಾಗ ತುಂಬಬೇಕಾದರೆ ಅದು ಕ್ಯಾಮೆರಾದಿಂದ ಸುಮಾರು 6 ಮೀಟರ್ ದೂರದಲ್ಲಿರಬೇಕು. ಅಂದರೆ ನಿಮ್ಮ ಹರಿಗೋಲು ಗೋಪುರದ ಬಳಿ ತೇಲುತ್ತಿಲ್ಲ, ನಿಮ್ಮ ಎದುರಿಗೇ ತೇಲುತ್ತಿದೆ. ಕ್ಯಾಮೆರಾಕ್ಕಿಂತ 2 ಮೀಟರ್ ಮೇಲೆ, ಬಂಡೆಯಿಂದ ಮೂರೂವರೆ ಮೀಟರ್ ಎತ್ತರದಲ್ಲಿ ಅದನ್ನು ಇಡೋಣ. ದೂರ 6, ಏರಿಕೆ 2. ಈ ‘ಮೂರಕ್ಕೆ ಒಂದು’ ಎಂಬ ಅನುಪಾತವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮಗಳ ಚಿತ್ರಕ್ಕೆ ಮನೆಯ ಮೊದಲ ಮಹಡಿಯ ಬಾಲ್ಕನಿ ಸಾಕು. ಅವಳು ಒಳಗೆ ನೆಲದ ಮೇಲೆ ಸುರಕ್ಷಿತವಾಗಿ ನಿಂತು, ಎರಡೂ ಕೈಗಳನ್ನು ಪ್ಯಾರಾಪೆಟ್ ಗೋಡೆಯ ಮೇಲಿಟ್ಟು ಕೆಳಗೆ ನೋಡಲಿ. ಆ ಗೋಡೆಯ ಅಂಚೇ ನಾಳೆ ಹರಿಗೋಲಿನ ಅಂಚಾಗುತ್ತದೆ. ಗೋಡೆಯ ಮೇಲೆ ಕೂರಿಸುವ ಅಗತ್ಯ ಖಂಡಿತ ಇಲ್ಲ, ಕೂರಿಸಲೂ ಬಾರದು. ಗೋಡೆಯ ಮೇಲಂಚು ರಸ್ತೆಯಿಂದ ನಾಲ್ಕು ಮೀಟರ್ ಎತ್ತರವಿದ್ದು, ನಿಮ್ಮ ಮೊಬೈಲ್ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಏರಿಕೆ ಎರಡೂವರೆ ಮೀಟರ್ ಆಯಿತು; ಅದರ ಮೂರು ಪಟ್ಟು, ಅಂದರೆ ಏಳೂವರೆ ಮೀಟರ್ ದೂರದಲ್ಲಿ ನಿಂತು ತೆಗೆಯಿರಿ. ಮೂವತ್ತು ಅಡಿ ರಸ್ತೆಯ ಆಚೆ ಬದಿ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ.

ಹರಿಗೋಲಿಗೆ ಬದಲು 40 ಸೆಂ.ಮೀ. ಅಗಲದ, ಆಳ ಕಡಿಮೆಯಿರುವ ಬಿದಿರಿನ ಬುಟ್ಟಿಯೊಂದನ್ನು ತನ್ನಿ. ಎರಡು ಮೀಟರಿನ ಐದನೇ ಒಂದು ಭಾಗ ಅದು, ಹಾಗಾಗಿ ಎಲ್ಲ ಅಳತೆಗಳನ್ನೂ ಐದರಿಂದ ಭಾಗಿಸಿದರೆ ಆಯಿತು. ಬುಟ್ಟಿಯನ್ನು ತಾರಸಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದಿಂದ ದಾರ ಕಟ್ಟಿ, ನೆಲದಿಂದ 70 ಸೆಂ.ಮೀ. ಎತ್ತರದಲ್ಲಿ ತೂಗುಬಿಡಿ. ಲೆನ್ಸ್ ನೆಲದಿಂದ 30 ಸೆಂ.ಮೀ. ಮೇಲಿರಲಿ, ಬುಟ್ಟಿಯಿಂದ 120 ಸೆಂ.ಮೀ. ದೂರವಿರಲಿ. ಬುಟ್ಟಿಯ ಹೆಣಿಗೆಯ ಸೀಳುಗಳು ಹರಿಗೋಲಿನ ಗಾತ್ರಕ್ಕೆ ಹೋಲಿಸಿದರೆ ತೀರ ದಪ್ಪವಾಗಿ ಕಂಡು ಗುಟ್ಟು ಬಿಟ್ಟುಕೊಡುತ್ತವೆ, ಆದ್ದರಿಂದ ತಳಕ್ಕೆ ತೆಳುವಾದ ಕಪ್ಪು ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಎಳೆದು ಸುತ್ತಿ. ನಿಜವಾದ ಹರಿಗೋಲಿನ ತಳವೂ ಕಪ್ಪೇ ಆದ್ದರಿಂದ ಇದು ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ತಾರಸಿಯ ಸಿಮೆಂಟ್ ನೆಲದ ಬಣ್ಣ ಲಾಲ್‌ಬಾಗಿನ ಬೂದು ಬಂಡೆಗೆ ಹತ್ತಿರವಾಗಿರುವುದೂ ಒಂದು ಅನುಕೂಲ. ಬಿಸಿಲು ನೆಲಕ್ಕೆ ಬಿದ್ದು ಪುಟಿದು ಬುಟ್ಟಿಯ ತಳವನ್ನು ಮೃದುವಾಗಿ ಬೆಳಗುತ್ತದೆ. ಸಾವಿರಾರು ಮಿಲಿಯನ್ ವರ್ಷಗಳ ಆ ಬಂಡೆಯ ಮೇಲೆ ನಿಜವಾಗಿ ಹರಿಗೋಲು ತೇಲಿದ್ದರೂ ಹೀಗೆಯೇ ಆಗುತ್ತಿತ್ತು. ಪುಟಿದ ಬೆಳಕನ್ನು ಬ್ರಶ್ ಹಿಡಿದು ಬರೆಯುವುದು ಬಹಳ ಕಷ್ಟ, ಅದನ್ನು ಕ್ಯಾಮೆರಾದಲ್ಲೇ ಹಿಡಿದುಬಿಡುವುದು ಮೇಲು.

ಇನ್ನು ಬೆಳಕು. ನಿಮ್ಮ ಗೋಪುರದ ಬಲಮೈ ಬೆಳಗಿದೆ, ನೆರಳು ಎಡಕ್ಕೆ ಉದ್ದವಾಗಿ ಬಿದ್ದಿದೆ. ಮಾರ್ಚ್ ಆರಂಭದಲ್ಲಿ ಬೆಂಗಳೂರಿನ ಸೂರ್ಯಾಸ್ತ ಸುಮಾರು 6 ಗಂಟೆ 29 ನಿಮಿಷಕ್ಕೆ. ಐದು ಗಂಟೆಯ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 20 ಡಿಗ್ರಿ ಮೇಲೆ, ಪಶ್ಚಿಮದಲ್ಲಿರುತ್ತಾನೆ. ತಲಕಾಡಿನ ಮೇ ತಿಂಗಳ ನಡುಹಗಲಿನ ಸೂರ್ಯನೋ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಅದಕ್ಕಾಗಿಯೇ ಮಗುವಿನ ಕಣ್ಣುಗುಳಿಗಳಲ್ಲಿ, ಮೂಗಿನ ಕೆಳಗೆ, ಗಲ್ಲದ ಕೆಳಗೆ ಗಾಢ ನೆರಳಿದೆ. ಮುಖವನ್ನು ಎಷ್ಟೇ ಹಳದಿ ಮಾಡಿದರೂ ಅದು ಸಂಜೆಯ ಮುಖವಾಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಅತ್ಯಂತ ಸುಲಭದ ದಾರಿಯೆಂದರೆ, ಎಲ್ಲ ತುಣುಕುಗಳನ್ನೂ ಒಂದೇ ದಿಕ್ಕಿಗೆ ಮುಖ ಮಾಡಿ, ಸೂರ್ಯ ಒಂದೇ ಎತ್ತರದಲ್ಲಿರುವಾಗ, ಮೋಡವಿಲ್ಲದ ದಿನ ತೆಗೆಯುವುದು. ಗಡಿಯಾರ ಹೇಳುವ ಗಂಟೆಗಿಂತ, ಸೂರ್ಯಾಸ್ತಕ್ಕೆ ಎಷ್ಟು ಹೊತ್ತು ಉಳಿದಿದೆ ಎಂಬುದೇ ಮುಖ್ಯ. ಇಲ್ಲಿ ಅದು ಸುಮಾರು ಒಂದೂವರೆ ಗಂಟೆ. ಮಾರ್ಚ್ ಮೊದಲ ವಾರದಲ್ಲಿ ಸೂರ್ಯ ಸಾಗುವ ದಾರಿಯಲ್ಲೇ ಅಕ್ಟೋಬರ್ ಎರಡನೇ ವಾರದ ಆರಂಭದಲ್ಲೂ ಸಾಗುತ್ತಾನೆ. ಆಗ ಸೂರ್ಯಾಸ್ತ ಬೇಗ ಆಗುವುದರಿಂದ ನೀವು ತೆಗೆಯಬೇಕಾದ ಹೊತ್ತು 4 ಗಂಟೆ 35 ನಿಮಿಷದ ಆಸುಪಾಸು. ಮಳೆಗಾಲದ ಮೋಡ ಕವಿದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬರುವುದರಿಂದ ಈ ಚಿತ್ರಕ್ಕೆ ಹೊಂದುವುದಿಲ್ಲ. ನೀವು ದಕ್ಷಿಣಕ್ಕೆ ಮುಖ ಮಾಡಿ ತೆಗೆಯಬೇಕಾದ್ದರಿಂದ ಬಾಲ್ಕನಿ ಉತ್ತರಕ್ಕೆ ತೆರೆದಿರಬೇಕು. ಮನೆ ದಕ್ಷಿಣಾಭಿಮುಖವಾಗಿದ್ದರೆ ಅದೇ ಚಿತ್ರವನ್ನು ಬೆಳಿಗ್ಗೆ, ಸೂರ್ಯೋದಯವಾದ ಅಷ್ಟೇ ಹೊತ್ತಿನ ನಂತರ ತೆಗೆಯಿರಿ; ಉತ್ತರಕ್ಕೆ ನೋಡುವಾಗ ಬೆಳಗಿನ ಸೂರ್ಯ ನಿಮ್ಮ ಬಲಕ್ಕೇ ಇರುತ್ತಾನೆ. ಪಕ್ಕದ ಮನೆಯ ನೆರಳು ಮಗಳ ಮೇಲೆ ಬೀಳದಿರಲಿ. ತಾರಸಿಯಲ್ಲಿ ಬುಟ್ಟಿಯನ್ನು ಪಶ್ಚಿಮದ ಗೋಡೆಯಿಂದ ಮೂರು ಮೀಟರಾದರೂ ದೂರ ಇಡಿ, ಏಕೆಂದರೆ ಆ ಹೊತ್ತಿನಲ್ಲಿ ಒಂದು ಮೀಟರ್ ಎತ್ತರದ ಗೋಡೆಯ ನೆರಳು ಸುಮಾರು ಎರಡೂಮುಕ್ಕಾಲು ಮೀಟರ್ ದೂರ ಚಾಚಿರುತ್ತದೆ.

ಬೆಳಕು ಹೊಂದದಿದ್ದಾಗ ಚಿತ್ರವನ್ನು ಎಡಬಲ ತಿರುಗಿಸಿಬಿಡುವ ಸುಲಭೋಪಾಯವೊಂದು ಎಲ್ಲರಿಗೂ ಹೊಳೆಯುತ್ತದೆ. ಮಗಳ ವಿಷಯದಲ್ಲಿ ಅದನ್ನು ಮಾಡಬೇಡಿ. ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ, ತೀರಿಹೋದ ತಂದೆತಾಯಿಯರ ಹಳೆಯ ಚಿತ್ರ ತಂದು ಮನೆಯವರ ಗುಂಪುಚಿತ್ರದಲ್ಲಿ ಸೇರಿಸಿಕೊಡಿ ಎಂದು ಕೇಳುವವರು ಬಹಳ ಜನ ಬರುತ್ತಿದ್ದರು. ಒಮ್ಮೆ ಅಜ್ಜಿಯೊಬ್ಬರ ಚಿತ್ರವನ್ನು ಬೆಳಕು ಹೊಂದಲೆಂದು ತಿರುಗಿಸಿ ಸೇರಿಸಿದೆ. ಚಿತ್ರವನ್ನು ಕೈಗೆತ್ತಿಕೊಂಡ ಆ ಅಜ್ಜಿಯ ಮಗಳು ಮೊದಲು ಹೇಳಿದ ಮಾತು, ‘ಅಮ್ಮನ ಮೂಗುಬೊಟ್ಟು ಈ ಕಡೆ ಇರಲಿಲ್ಲ’ ಎಂಬುದು. ಅಂದಿನಿಂದ ನಾನು ಮುಖವನ್ನು ತಿರುಗಿಸಿಲ್ಲ. ಬೈತಲೆ, ಮಚ್ಚೆ, ನಗುವಿನ ಓರೆ, ಇವುಗಳ ಪಕ್ಕ ಬದಲಾದರೆ ಹತ್ತಿರದವರಿಗೆ ಅದು ಬೇರೆಯವರ ಮುಖವಾಗಿಬಿಡುತ್ತದೆ.

ನೆರಳಿನ ವಿಷಯಕ್ಕೆ ಬರೋಣ, ಏಕೆಂದರೆ ಜನ ‘ಅಂಟಿಸಿದ ಹಾಗಿದೆ’ ಎನ್ನುವುದಕ್ಕೆ ಎತ್ತರದ ನಂತರ ದೊಡ್ಡ ಕಾರಣ ಅದೇ. ನೀವು ಹರಿಗೋಲಿನ ನೇರ ಕೆಳಗೆ ಕಪ್ಪು ಅಂಡಾಕಾರವೊಂದನ್ನು ಹಾಕಿದ್ದೀರಿ. ಬೆಂಗಳೂರಿನಲ್ಲಿ ವಸ್ತುವಿನ ನೆರಳು ಅದರ ನೇರ ಕೆಳಗೆ ಬೀಳುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ಅದೂ ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ. ಸೂರ್ಯ 20 ಡಿಗ್ರಿಯಲ್ಲಿದ್ದಾಗ ನೆರಳು ಎತ್ತರದ ಎರಡೂಮುಕ್ಕಾಲು ಪಟ್ಟು ದೂರ ಸರಿಯುತ್ತದೆ. ಮೂರೂವರೆ ಮೀಟರ್ ಎತ್ತರದ ಹರಿಗೋಲಿನ ನೆರಳು ಎಡಕ್ಕೆ ಒಂಬತ್ತೂವರೆ ಮೀಟರ್ ಆಚೆ ಬೀಳಬೇಕು. ಆರು ಮೀಟರ್ ದೂರದಲ್ಲಿ ನಿಮ್ಮ ಚಿತ್ರದ ಅರ್ಧ ಅಗಲ ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಂದರೆ ಆ ನೆರಳು ಚಿತ್ರದ ಚೌಕಟ್ಟಿನೊಳಗೆ ಬರುವುದೇ ಇಲ್ಲ. ಕಪ್ಪು ಅಂಡಾಕಾರವನ್ನು ಅಳಿಸಿಬಿಡಿ. ಅಳಿಸಿದ ಕ್ಷಣದಲ್ಲೇ ಹರಿಗೋಲು ಹಗುರವಾಗುವುದನ್ನು ನೀವೇ ನೋಡುವಿರಿ.

ಆದರೆ ನೆರಳೇ ಇಲ್ಲದ ವಸ್ತುವಿಗೆ ನೆಲದ ಸಂಬಂಧ ತಪ್ಪಿಹೋಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ನನ್ನ ಸಲಹೆಯೆಂದರೆ ಹರಿಗೋಲಿನ ಅಂಚಿನಿಂದ ಒಂದು ಹಗ್ಗವನ್ನು ಇಳಿಬಿಟ್ಟು, ಅದನ್ನು ಬಂಡೆಯ ಮೇಲಿನ ಕಲ್ಲೊಂದಕ್ಕೆ ಕಟ್ಟಿದಂತೆ ಮಾಡಿ. ಆಗ ಕಥೆಯೂ ಬೆಳೆಯುತ್ತದೆ, ಏಕೆಂದರೆ ಕಟ್ಟದಿದ್ದರೆ ಹರಿಗೋಲು ಹಾರಿಹೋಗುತ್ತಿತ್ತು ಎಂದು ನೋಡುವ ಮಗುವಿಗೆ ತಾನಾಗಿ ತಿಳಿಯುತ್ತದೆ. ಹಗ್ಗದ ನೆರಳು ಗಂಟಿನ ಬಳಿ ಗಾಢವಾಗಿ ಶುರುವಾಗಿ, ಎಡಕ್ಕೆ ಓಡುತ್ತ ಬೇಗನೆ ಮಬ್ಬಾಗಬೇಕು. ಸೂರ್ಯ ನಮಗೆ ಒಂದು ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ; ಆದ್ದರಿಂದ ಯಾವುದೇ ನೆರಳಿನ ಅಂಚಿನಲ್ಲಿ ಅರೆನೆರಳಿನ ಪಟ್ಟಿಯೊಂದು ಇರುತ್ತದೆ, ಅದರ ಅಗಲ ವಸ್ತುವಿನಿಂದ ನೆರಳಿನವರೆಗೆ ಬೆಳಕು ಸಾಗಿದ ದೂರದ ನೂರನೇ ಒಂದು ಭಾಗಕ್ಕೆ ಹತ್ತಿರ. ಒಂದು ಸೆಂ.ಮೀ. ದಪ್ಪದ ಹಗ್ಗದಿಂದ ಕಿರಣ ಒಂದು ಮೀಟರಿನಷ್ಟು ಸಾಗಿದ ಮೇಲೆ ತುಂಬು ನೆರಳು ಉಳಿಯುವುದೇ ಇಲ್ಲ. ಇದನ್ನು ಮಾಡಲು ಹೊಸ ಲೇಯರಿನಲ್ಲಿ, ಅಂದರೆ ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರದಲ್ಲಿ, ನೆರಳಿನ ಗೆರೆಯನ್ನು ಬರೆದು, ಅದನ್ನು ಕೆಳಗಿನದನ್ನು ಗಾಢಗೊಳಿಸುವ ಮಲ್ಟಿಪ್ಲೈ ಮೋಡಿನಲ್ಲಿಟ್ಟು, ಗಂಟಿನಿಂದ ದೂರ ಹೋದಂತೆ ಬ್ಲರ್ ಹೆಚ್ಚಿಸುತ್ತ ಒಪಾಸಿಟಿ (ಅಪಾರದರ್ಶಕತೆ) ತಗ್ಗಿಸಿ. ನೆರಳಿನ ಬಣ್ಣ ಶುದ್ಧ ಕಪ್ಪಾಗಿರಬಾರದು. ಗೋಪುರದ ನೆರಳಿನಿಂದಲೇ ಐಡ್ರಾಪರ್‌ನಲ್ಲಿ ಬಣ್ಣ ಎತ್ತಿಕೊಳ್ಳಿ, ಅದರಲ್ಲಿ ಆಕಾಶದ ನೀಲಿ ಸ್ವಲ್ಪ ಬೆರೆತಿರುವುದು ಕಾಣುತ್ತದೆ. ಬಂಡೆ ಎಲ್ಲಿ ಇಳಿಯುತ್ತದೆಯೋ ನೆರಳೂ ಅಲ್ಲಿ ಬಾಗಬೇಕು.

ಕೂದಲನ್ನು ಕತ್ತರಿಸಲು ಈ ಬಾರಿ ಎರಡು ದಿನ ಬೇಡ. ಬಾಲ್ಕನಿಯಲ್ಲಿ ಮಗಳ ಹಿಂದೆ ಒಂದು ಬಿಳಿ ಪಂಚೆಯನ್ನು ಸುಕ್ಕಿಲ್ಲದಂತೆ ಹರಡಿ ಕಟ್ಟಿ. ಮಲ್ಟಿಪ್ಲೈ ಎಂಬುದು ಹೆಸರೇ ಹೇಳುವಂತೆ ಗುಣಾಕಾರ: ಕಪ್ಪನ್ನು ಸೊನ್ನೆ, ಬಿಳಿಯನ್ನು ಒಂದು ಎಂದು ಇಟ್ಟುಕೊಂಡು ಮೇಲಿನ ಲೇಯರಿನ ಬೆಲೆಯನ್ನು ಕೆಳಗಿನದರಿಂದ ಗುಣಿಸುತ್ತದೆ. ಒಂದರಿಂದ ಗುಣಿಸಿದರೆ ಕೆಳಗಿನ ಆಕಾಶ ಹಾಗೆಯೇ ಉಳಿಯುತ್ತದೆ. ಅಂದರೆ ಬಿಳಿ ಪಂಚೆ ತಾನಾಗಿ ಮಾಯವಾಗಿ ಕಪ್ಪು ಕೂದಲಿನ ಒಂದೊಂದು ಎಳೆಯೂ ಆಕಾಶದ ಮೇಲೆ ನಿಲ್ಲುತ್ತದೆ. ಪಂಚೆ ನೆರಳಿನಲ್ಲಿದ್ದು ಬೂದುಬಣ್ಣ ಕಂಡರೆ ಮೊದಲು ಕಪ್ಪುಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಅದನ್ನು ಪೂರ್ತಿ ಬಿಳುಪಿಗೆ ತನ್ನಿ. ಈ ಉಪಾಯ ಕೂದಲಿನ ಅಂಚಿಗೆ ಮಾತ್ರ. ಮುಖ ಮತ್ತು ಬಟ್ಟೆಯನ್ನು ಅದರ ಮೇಲಿನ ಇನ್ನೊಂದು ಲೇಯರಿನಲ್ಲಿ, ನಾರ್ಮಲ್ ಮೋಡಿನಲ್ಲಿ, ಬೇಡದ ಭಾಗವನ್ನು ಅಳಿಸದೆ ಮರೆಮಾಡುವ ಮಾಸ್ಕ್ ಹಾಕಿ ಇಡಬೇಕು. ಏನನ್ನೂ ಇರೇಸರಿನಿಂದ ಅಳಿಸಬೇಡಿ, ಮಾಸ್ಕಿನಲ್ಲಿ ಮುಚ್ಚಿ.

ಈ ಮುಚ್ಚುವ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1857ರಲ್ಲಿ ಇಂಗ್ಲೆಂಡಿನಲ್ಲಿದ್ದ ಛಾಯಾಚಿತ್ರಕಾರ ಆಸ್ಕರ್ ರೆಯ್ಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದಾಗ, ಒಂದು ನೆಗೆಟಿವ್ ಅಚ್ಚಾಗುವಷ್ಟು ಹೊತ್ತು ಕಾಗದದ ಉಳಿದ ಭಾಗವನ್ನು ಬೆಳಕು ತಾಗದಂತೆ ಮುಚ್ಚಿಡುತ್ತಿದ್ದರು. ಫೋಟೋಶಾಪ್ 1990ರಲ್ಲಿ ಬಂತು, ಅದಕ್ಕೆ ಲೇಯರ್‌ಗಳು ಸೇರಿದ್ದು 1994ರ ಮೂರನೇ ಆವೃತ್ತಿಯಲ್ಲಿ. ನೀವು ಬಳಸುವ ಗಿಂಪ್‌ನಲ್ಲಿ ಲೇಯರ್, ಮಾಸ್ಕ್, ಬೆಳಕುಕತ್ತಲನ್ನು ಏರಿಳಿಸುವ ಕರ್ವ್ಸ್, ಮಲ್ಟಿಪ್ಲೈ ಎಲ್ಲವೂ ಇವೆ. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್‌ಗಳನ್ನು ಹಾಕಿದ ಮೇಲೂ ಬದಲಿಸುವ ಸೌಲಭ್ಯ ಇದೆ. ಈ ಚಿತ್ರಕ್ಕಾಗಿ ಹಣ ಕೊಟ್ಟು ಏನನ್ನೂ ಕೊಳ್ಳಬೇಡಿ.

ಮೂರು ತುಣುಕುಗಳನ್ನೂ ಅದೇ ಮೊಬೈಲಿನಲ್ಲಿ, ಅದೇ ಲೆನ್ಸಿನಲ್ಲಿ, ಜೂಮ್ ಮಾಡದೆ ತೆಗೆದರೆ ಸ್ಫುಟತೆ ಮತ್ತು ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಹೆಚ್ಚುಕಡಿಮೆ ತಾವೇ ಹೊಂದುತ್ತವೆ. ಜೋಡಿಸಿದ ಮೇಲೆ ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು ಕಪ್ಪುಬಿಳುಪು ಲೇಯರ್ ಹಾಕಿ ನೋಡಿ. ಬಣ್ಣ ಇಲ್ಲದಾಗ, ಹರಿಗೋಲಿನ ಕಪ್ಪು ಬಂಡೆಯ ಬಿರುಕುಗಳ ಕಪ್ಪಿಗಿಂತ ಗಾಢವಾಗಿದೆಯೆ, ಮಗಳ ಕೆನ್ನೆಯ ಬಿಸಿಲಿನ ಬದಿಗೂ ನೆರಳಿನ ಬದಿಗೂ ಇರುವ ಅಂತರ ಗೋಪುರದ ಎರಡು ಬದಿಗಳ ಅಂತರದಷ್ಟೇ ಇದೆಯೆ ಎಂಬುದು ನಿಚ್ಚಳವಾಗುತ್ತದೆ. ಅದು ಹೊಂದಿದ ಮೇಲೆಯೇ ಬಣ್ಣಕ್ಕೆ ಕೈ ಹಾಕಿ. ಆಕಾಶದಲ್ಲಿ ಹೆಚ್ಚು ಬದಲಾವಣೆ ಮಾಡುವುದಿದ್ದರೆ ಕಡತವನ್ನು ಬಣ್ಣದ ಮೆಟ್ಟಿಲುಗಳು ಹೆಚ್ಚಿರುವ 16 ಬಿಟ್‌ಗೆ ಬದಲಿಸಿಕೊಳ್ಳಿ, ಇಲ್ಲವಾದರೆ ಇಳಿಬಣ್ಣದಲ್ಲಿ ಪಟ್ಟೆಗಳು ಏಳುತ್ತವೆ.

ಮಳೆನೀರಿನ ರಸ್ತೆಯ ಚಿತ್ರದ ಬಗ್ಗೆ ಎರಡು ಮಾತು. ನೀರಿನಲ್ಲಿ ಕಾಣುವ ಪ್ರತಿಬಿಂಬವೆಂದರೆ ಚಿತ್ರವನ್ನು ತಲೆಕೆಳಗು ಮಾಡಿ ಇಡುವುದೆಂದು ಹಲವರು ತಿಳಿದಿದ್ದಾರೆ. ಪ್ರತಿಬಿಂಬ ತೋರಿಸುವುದು, ಕ್ಯಾಮೆರಾ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇದ್ದಿದ್ದರೆ ಏನು ಕಾಣುತ್ತಿತ್ತೋ ಅದನ್ನು. ಹಾಗಾಗಿ ಅದರಲ್ಲಿ ಹರಿಗೋಲಿನ ಒಳಭಾಗ ಬರಕೂಡದು, ಅಂಚಿನ ಹೊರಮೈ ಮತ್ತು ಗಲ್ಲದ ಕೆಳಭಾಗ ಬರಬೇಕು. ಎರಡನೆಯದು ಇದಕ್ಕಿಂತ ಮುಖ್ಯ. 2022ರ ಸೆಪ್ಟೆಂಬರ್ ಮಳೆಯಲ್ಲಿ ಈ ಊರಿನ ಜನರನ್ನು ಬಡಾವಣೆಗಳಿಂದ ನಿಜವಾಗಿಯೂ ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊರತಂದಿದ್ದಾರೆ. ಆಕಾಶದ ಹರಿಗೋಲನ್ನು ಯಾರೂ ಸುದ್ದಿಯೆಂದು ನಂಬುವುದಿಲ್ಲ, ರಸ್ತೆಯ ಹರಿಗೋಲನ್ನು ನಂಬುತ್ತಾರೆ, ನಂಬಿ ಗಾಬರಿಯಿಂದ ಮುಂದಕ್ಕೆ ಕಳುಹಿಸುತ್ತಾರೆ. ಆ ಚಿತ್ರ ಮಾಡುವುದಾದರೆ ‘ಸಂಯೋಜಿತ ಚಿತ್ರ’ ಎಂಬ ಮಾತನ್ನು ಅಡಿಬರಹದಲ್ಲಿ ಅಲ್ಲ, ಚಿತ್ರದೊಳಗೇ ಬರೆಯಿರಿ. ಅಥವಾ ಹರಿಗೋಲುಗಳನ್ನು ನೀರಿನಿಂದ ಎರಡಡಿ ಮೇಲಕ್ಕೆ ಎತ್ತಿಬಿಡಿ, ಆಗ ಅದು ಕಲ್ಪನೆಯೆಂದು ಚಿತ್ರವೇ ಹೇಳುತ್ತದೆ.

ಪ್ರಿಂಟಿನ ಬಗ್ಗೆ ಕೇಳಿದ್ದೀರಿ. 4000 ಪಿಕ್ಸೆಲ್ ಅಗಲದ ಚಿತ್ರ 18 ಇಂಚಿನಲ್ಲಿ ಅಚ್ಚಾದರೆ ಇಂಚಿಗೆ ಸುಮಾರು 222 ಪಿಕ್ಸೆಲ್ ಸಿಗುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಅದು ಧಾರಾಳವಾಯಿತು. ಮೊಬೈಲಿನ ಚಿತ್ರ ನಾಲ್ಕಕ್ಕೆ ಮೂರರ ಅನುಪಾತದ್ದು, ಪ್ರಿಂಟ್ ಮೂರಕ್ಕೆ ಎರಡರದ್ದು. ಮೇಲೆ ಅಥವಾ ಕೆಳಗೆ ಒಂದಿಷ್ಟು ಕತ್ತರಿಸಿಹೋಗುವುದರಿಂದ ಹರಿಗೋಲಿನ ಮೇಲೆಯೂ ಹಗ್ಗದ ಗಂಟಿನ ಕೆಳಗೂ ಜಾಗ ಬಿಟ್ಟು ಜೋಡಿಸಿ. ಪರದೆ ತಾನೇ ಬೆಳಗುವುದರಿಂದ ಅದರಲ್ಲಿ ಕಂಡ ಗಾಢ ಭಾಗಗಳು ಕಾಗದದ ಮೇಲೆ ಇನ್ನಷ್ಟು ಕಪ್ಪಾಗುತ್ತವೆ. ಪೂರ್ತಿ ಪ್ರಿಂಟ್ ಹಾಕಿಸುವ ಮೊದಲು ಹರಿಗೋಲಿನ ತಳ, ಮಗಳ ಕೂದಲು ಮತ್ತು ಹಗ್ಗದ ನೆರಳು, ಈ ಮೂರು ಜಾಗಗಳಿಂದ ಪೂರ್ಣ ಗಾತ್ರದ ಮೂರು ಪಟ್ಟಿಗಳನ್ನು ಒಂದು ಚಿಕ್ಕ ಹಾಳೆಯಲ್ಲಿ ಹಾಕಿಸಿಕೊಂಡು, ಚಿತ್ರ ತೂಗುವ ಗೋಡೆಯ ಮೇಲೆಯೇ ಹಿಡಿದು, ಒಮ್ಮೆ ಹಗಲಿನ ಬೆಳಕಿನಲ್ಲಿ, ಒಮ್ಮೆ ರಾತ್ರಿ ಆ ಕೋಣೆಯ ದೀಪದಲ್ಲಿ ನೋಡಿ. ತಳದ ವಿವರಗಳು ಮುಚ್ಚಿಹೋಗಿದ್ದರೆ ಕರ್ವ್ಸ್‌ನಲ್ಲಿ ಗಾಢ ಭಾಗವನ್ನು ಸ್ವಲ್ಪ ಮೇಲೆತ್ತಿ ಇನ್ನೊಂದು ಪಟ್ಟಿ ಹಾಕಿಸಿ.